ಅಜ್ಜ-ಅಜ್ಜಿಯರಿಗೂ ಓದಲು ಬರುವ ಕನ್ನಡ ಫಾಂಟು ಯಾವುದು?

ಯಲಬುರ್ಗಾ ಓದುಮನೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ಅರಿವು ಕೇಂದ್ರಕ್ಕೆ (ಪಂಚಾಯಿತಿ ಗ್ರಂಥಾಲಯ) ನಾವು ನಾಲ್ಕೈದು ಹೆಣ್ಣುಮಕ್ಕಳು ಸೇರಿ ತಿಂಗಳಿಗೊಂದು ಹಾಳೆ ತರುತ್ತೇವೆ. ಎ4 ಸೈಜು, ಎರಡೂ ಬದಿ. ಪಿಂಚಣಿ ಯಾವಾಗ, ಕಣ್ಣಿನ ಕ್ಯಾಂಪ್ ಎಲ್ಲಿ, ಕಡಲೆ-ಮೆಕ್ಕೆಜೋಳದ ರೇಟು ಎಷ್ಟು, ಬಸ್ಸಿನ ಟೈಮು, ಇಂಥವೇ. ಓದುವವರಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು. ಕೆಲವರು ಈಗೀಗ ಅಕ್ಷರ ಕಲಿತವರು.

ತೊಂದರೆ ಏನೆಂದರೆ, ಹಾಳೆ ಕೈಗೆ ಕೊಟ್ಟರೆ "ನೀನೇ ಓದವ್ವ" ಅಂತ ವಾಪಸ್ ಕೊಡುತ್ತಾರೆ. ಕನ್ನಡಕ ಇದ್ದವರೂ ಹಾಗೇ. ಈಗ ಬಳಸುತ್ತಿರುವುದು ನೋಟೊ ಸ್ಯಾನ್ಸ್ ಕನ್ನಡ, 11 ಪಾಯಿಂಟ್. ಪ್ರಿಂಟ್ ಒಂದು ತೆಗೆದು ಉಳಿದದ್ದು ಜೆರಾಕ್ಸ್. ಬೆಂಗಳೂರಿನ ಗೆಳತಿಯೊಬ್ಬಳು "ಆಟ್ಕಿನ್ಸನ್ ಹೈಪರ್‌ಲೆಜಿಬಲ್ ಹಾಕು, ಕಣ್ಣು ಮಂದ ಇದ್ದವರಿಗೆ ಅಂತಲೇ ಮಾಡಿದ್ದು" ಅಂದಳು. ಹಾಕಿ ನೋಡಿದರೆ ಇಂಗ್ಲಿಷ್ ಮಾತ್ರ ಬದಲಾಗುತ್ತೆ, ಕನ್ನಡ ಹಾಗೇ ಇರುತ್ತೆ. ಯಾಕೆ? ಕನ್ನಡಕ್ಕೆ ಅಂಥದ್ದು ಯಾವುದಿದೆ? ಬಿಟ್ಟಿ ಸಿಗುವಂಥದ್ದೇ ಹೇಳಿ, ನಮ್ಮ ಹತ್ತಿರ ದುಡ್ಡಿಲ್ಲ.

ಮೊಳೆ_ಬಳ್ಳಾರಿ

ಅಕ್ಕಾ, ಆಟ್ಕಿನ್ಸನ್‌ನಲ್ಲಿ ಕನ್ನಡವೇ ಇಲ್ಲ. ಅದನ್ನು ಮಾಡಿಸಿದ್ದು ಅಮೆರಿಕದ ಬ್ರೈಲ್ ಇನ್‌ಸ್ಟಿಟ್ಯೂಟ್. ಆ ಸಂಸ್ಥೆ ಕಟ್ಟಿದ ರಾಬರ್ಟ್ ಆಟ್ಕಿನ್ಸನ್ ಹೆಸರನ್ನೇ ಫಾಂಟಿಗೂ ಇಟ್ಟರು. 2025ರಲ್ಲಿ ಹೊಸ ಆವೃತ್ತಿ ಬಂತು, ಅದೂ ಇಂಗ್ಲಿಷ್ ಬರೆಯುವ ಲ್ಯಾಟಿನ್ ಲಿಪಿಗೇ. ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಕಂಪ್ಯೂಟರ್ ತನ್ನ ಹತ್ತಿರ ಇರುವ ಬೇರೆ ಕನ್ನಡ ಫಾಂಟನ್ನು ಸದ್ದಿಲ್ಲದೆ ತಂದು ಹಾಕುತ್ತೆ. ಮೇಲೆ ಹೆಸರು ಆಟ್ಕಿನ್ಸನ್ ಅಂತಲೇ ಇರಬಹುದು, ಕೆಳಗೆ ಕಾಣುವುದು ಬೇರೆ.

ಆದರೆ ಅದರ ಹಿಂದಿನ ಯೋಚನೆ ನಮಗೂ ಬೇಕು. ಇಂಗ್ಲಿಷಿನ ದೊಡ್ಡ ಐ, ಸಣ್ಣ ಎಲ್, ಅಂಕಿ ಒಂದು, ಈ ಮೂರೂ ಬರೀ ಕಡ್ಡಿಯಾಗಿ ಕಾಣಬಾರದು, ಸೊನ್ನೆ ಬೇರೆ ಓ ಬೇರೆ ಅಂತ ಗೊತ್ತಾಗಬೇಕು, ಅಂತ ಅವರು ಅಕ್ಷರ ತಿದ್ದಿದ್ದಾರೆ. ಅಕ್ಷರ ಒಂದೊಂದೇ ನೋಡಲು ಚೆಂದ ಇದ್ದರೆ ಸಾಲದು. ಮಸುಕಾಗಿ ಕಂಡಾಗಲೂ ಇದು ಆ ಅಕ್ಷರ ಅಲ್ಲ, ಈ ಅಕ್ಷರ ಅಂತ ತಿಳಿಯಬೇಕು. ಕನ್ನಡದಲ್ಲಿ ಯಾವ ಅಕ್ಷರಗಳು ಕಾಟ ಕೊಡುತ್ತವೆ ಅನ್ನುವುದನ್ನು ನಾವೇ ಕೂತು ನೋಡಬೇಕು. ಇಂಗ್ಲಿಷಿನವರ ಸಲಹೆ ಇಲ್ಲಿಗೆ ಹಾಗೇ ಹೊಂದಲ್ಲ.

ಮಾನ್ವಿ ಮಾಸ್ತರ

ಕಾಟ ಕೊಡುವ ಅಕ್ಷರ ನಾನು ಹೇಳುತ್ತೇನೆ, ಮೂರನೇ ತರಗತಿಯಲ್ಲಿ ದಿನಾ ನೋಡುವುದೇ ಇದು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಡ ಮತ್ತು ಢ. ಎಲ್ಲದರಲ್ಲೂ ಫರಕು ಒಂದೇ, ಹೊಟ್ಟೆ ಸೀಳಿದೆಯೋ ಇಲ್ಲವೋ. ಆ ಸೀಳು ಎಷ್ಟು ಸಣ್ಣದು ನೋಡಿ. ಜೆರಾಕ್ಸಿನಲ್ಲಿ ಮೊದಲು ಹೋಗುವುದೇ ಅದು. "ಸಹಾಯಧನ" ಹೋಗಿ "ಸಹಾಯದನ" ಆಗುತ್ತೆ. ಊರ ಮಂದಿ ಎಮ್ಮೆ ಕೊಡುತ್ತಾರೆ ಅಂತ ಸಾಲು ನಿಂತಾರು!

ಆಮೇಲೆ ರ ಮತ್ತು ಠ. ಠ ಒಳಗಿನ ಚುಕ್ಕೆ ತುಂಬಿಕೊಂಡರೆ ಏನು ಅಕ್ಷರ ಅಂತಲೇ ತಿಳಿಯಲ್ಲ. ಪ ಮತ್ತು ಷ, ಒಳಗಿನ ಗೆರೆ ಒಂದೇ ಫರಕು. ಮ ಮತ್ತು ಯ, ಮಕ್ಕಳು ವರ್ಷಗಟ್ಟಲೆ ಗೊಂದಲ ಮಾಡಿಕೊಳ್ಳುತ್ತಾರೆ. ಘ ಅಂತೂ ದೊಡ್ಡವರಿಗೂ ಕಷ್ಟ. ಎ-ಏ, ಒ-ಓ ಜೋಡಿ. ಗುಡಿಸು ಮತ್ತು ತಲಕಟ್ಟು ಸಹ: ವ ಇದೆಯೋ ವಿ ಇದೆಯೋ ಅನ್ನುವುದು ನೆತ್ತಿಯ ಮೇಲಿನ ಒಂದು ಸುರುಳಿಯ ಮೇಲೆ ನಿಂತಿದೆ.

ಒಂದು ಪ್ರಶ್ನೆ ನನ್ನದೂ ಇದೆ. ಓದಲು ತೊಡಕು ಇರುವ ಇಬ್ಬರು ಮಕ್ಕಳಿದ್ದಾರೆ. ಡಿಸ್ಲೆಕ್ಸಿಯಾ ಫಾಂಟು ಅಂತ ಬರುತ್ತಲ್ವಾ, ಅದು ಕನ್ನಡಕ್ಕೆ ಇದೆಯಾ?

ಗಂಗಾವತಿ ಡಿಟಿಪಿ

ಫಾಂಟಿನ ಹೆಸರು ಕೇಳುವ ಮುಂಚೆ ಒಂದು ಸ್ಕೇಲ್ ತಗೊಳ್ಳಿ ಅಕ್ಕಾರ. ತಮಾಷೆಗೆ ಹೇಳುತ್ತಿಲ್ಲ. ಲಗ್ನಪತ್ರಿಕೆ, ಕರಪತ್ರ, ಅಕ್ಕಿ ಗಿರಣಿಯವರ ಬಿಲ್ ಬುಕ್ ಮಾಡುತ್ತಾ ಇಷ್ಟು ವರ್ಷ ಆಯಿತು, ಜನ ಬಂದು ಕೇಳುವುದು "14 ಸೈಜ್ ಹಾಕಿ" ಅಂತ. ಯಾವ ಫಾಂಟಿನ 14?

ಪಾಯಿಂಟ್ ಅಂದರೆ ಇಂಚಿನ 72ರಲ್ಲಿ ಒಂದು ಭಾಗ. ಆದರೆ ಅದು ಅಕ್ಷರದ ಅಳತೆ ಅಲ್ಲ. ಅಕ್ಷರ ಕೂರುವ ಚೌಕದ ಅಳತೆ. ಕನ್ನಡದಲ್ಲಿ ಆ ಚೌಕದೊಳಗೆ ಮೇಲೆ ಗುಡಿಸಿಗೆ ಜಾಗ ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಉಳಿದದ್ದರಲ್ಲಿ ಅಕ್ಷರ. ಒಬ್ಬೊಬ್ಬ ಡಿಸೈನರ್ ಒಂದೊಂದು ಲೆಕ್ಕದಲ್ಲಿ ಹಂಚುತ್ತಾನೆ. ಅದಕ್ಕೇ ವಿಂಡೋಸಿನ ಹಳೆಯ ತುಂಗಾ 14ರಲ್ಲೂ ಸಣ್ಣದಾಗಿ ಕಾಣುತ್ತೆ, ನಿರ್ಮಲಾ ಯುಐ ಅದೇ 14ರಲ್ಲಿ ದೊಡ್ಡದು ಅನಿಸುತ್ತೆ. ಪ್ರಿಂಟ್ ತೆಗೆದು "ಕ" ಅಕ್ಷರವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಎರಡು ಫಾಂಟ್ ಹೋಲಿಸುವುದಿದ್ದರೆ "ಕ" ಒಂದೇ ಎತ್ತರಕ್ಕೆ ತಂದು ಆಮೇಲೆ ಹೋಲಿಸಿ. ಇಲ್ಲದಿದ್ದರೆ ದೊಡ್ಡದು ಯಾವಾಗಲೂ ಗೆಲ್ಲುತ್ತೆ.

11 ಪಾಯಿಂಟ್ ಅಂತೂ ಮುದುಕರಿಗೆ ಆಗದ ಮಾತು. ಇಂಗ್ಲಿಷಿನಲ್ಲೇ ದೊಡ್ಡಕ್ಷರದ ಪುಸ್ತಕ ಅಂದರೆ 16ರಿಂದ 18. ಅಲ್ಲಿ ಒತ್ತಕ್ಷರದ ತಾಪತ್ರಯವೇ ಇಲ್ಲ. ನೀವು ನೋಟೊದಲ್ಲಿ 16ಕ್ಕೆ ಶುರು ಮಾಡಿ, 18 ಮಾಡಿದರೆ ಇನ್ನೂ ಒಳ್ಳೆಯದು. ಜಾಗ ಸಾಲಲ್ಲ ಅನ್ನುತ್ತೀರಿ, ಗೊತ್ತು. ಮ್ಯಾಟರ್ ಕಡಿಮೆ ಮಾಡಿ. ಓದದೇ ಇರುವ ಎರಡು ಪುಟಕ್ಕಿಂತ ಓದುವ ಅರ್ಧ ಪುಟ ಮೇಲು.

ಸಾಲಿನ ಅಂತರ. ವರ್ಡಿನಲ್ಲಿ ಲೈನ್ ಸ್ಪೇಸಿಂಗ್ "ಎಕ್ಸಾಕ್ಟ್‌ಲಿ" ಅಂತ ಇದ್ದರೆ ಮೊದಲು ತೆಗೆಯಿರಿ. ಅದು ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ "ರಾಷ್ಟ್ರ", "ಸ್ತ್ರೀ" ಬಂದಾಗ ಒತ್ತಿನ ಕೆಳಗೆ ಇನ್ನೊಂದು ಒತ್ತು ಇರುತ್ತಲ್ಲ, ಅದರ ಬಾಲ ಕತ್ತರಿಸಿ ಹೋಗುತ್ತೆ. ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ. "ಮಲ್ಟಿಪಲ್" ಇಟ್ಟು ಕಣ್ಣಿಂದ ನೋಡಿ ಹೆಚ್ಚಿಸಿ.

ಎರಡೂ ಅಂಚು ಸಮ ಮಾಡಬೇಡಿ. ಎಡಕ್ಕೆ ಸಮ ಇರಲಿ, ಬಲಕ್ಕೆ ಹೇಗಾದರೂ ಬರಲಿ. ನಮ್ಮ ಭಾಷೆಯಲ್ಲಿ "ಮಾಡಿಸಿಕೊಳ್ಳಬೇಕಾಗಿರುವುದರಿಂದ" ಅಂತ ಒಂದೇ ಪದ ಅರ್ಧ ಸಾಲು ತಿನ್ನುತ್ತೆ. ಅದು ಕೆಳಗಿನ ಸಾಲಿಗೆ ಹೋದರೆ ಮೇಲೆ ಉಳಿದ ಮೂರು ಪದ ಒಂದೊಂದು ಗೇಣು ದೂರ ನಿಲ್ಲುತ್ತವೆ. ನಿಧಾನ ಓದುವವರಿಗೆ ಮುಂದಿನ ಪದ ಎಲ್ಲಿದೆ ಅಂತ ಹುಡುಕುವ ಕೆಲಸ. ಎರಡು ಕಾಲಂ ಮಾಡಿದರಂತೂ ಮುಗಿದೇ ಹೋಯಿತು.

ಬೋಲ್ಡ್ ಬಗ್ಗೆ: ಪೂರ್ತಿ ಹಾಳೆ ಬೋಲ್ಡ್ ಮಾಡಿದರೆ ಚೆನ್ನಾಗಿ ಕಾಣುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಮಾಸ್ತರರು ಹೇಳಿದ ಹೊಟ್ಟೆಯ ಸೀಳು, ಠ ಒಳಗಿನ ಚುಕ್ಕೆ ಎಲ್ಲ ಮುಚ್ಚಿಹೋಗುವುದು ಅಲ್ಲೇ. ಬೋಲ್ಡ್ ಬದಲು ಮೀಡಿಯಂ ತೂಕ ಹಾಕಿ. ನೋಟೊದಲ್ಲಿ ಇದೆ, ಅನೇಕ್ ಅನ್ನುವ ಫಾಂಟ್‌ನಲ್ಲೂ ಇದೆ. ಇಟಾಲಿಕ್ ಕನ್ನಡಕ್ಕೆ ಬೇಡವೇ ಬೇಡ.

ಮಸುಕು_ಕಣ್ಣು (ರಾಯಚೂರು)

ನನಗೆ ಹುಟ್ಟಿನಿಂದ ದೃಷ್ಟಿ ಕಡಿಮೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದುತ್ತೇನೆ, ದಣಿವಾದರೆ ಪರದೆ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಟಾಕ್‌ಬ್ಯಾಕಿನಲ್ಲಿ ಕೇಳುತ್ತೇನೆ. ಡಿಟಿಪಿ ಅಣ್ಣ ಹೇಳಿದ್ದಕ್ಕೆ ಎರಡು ಸೇರಿಸಬೇಕು.

ಒಂದು, ಬಣ್ಣ. ಕಪ್ಪು ಅಕ್ಷರ, ಬಿಳಿ ಹಾಳೆ. ಇದಕ್ಕಿಂತ ಬುದ್ಧಿವಂತಿಕೆ ಬೇಡ. ಹಿಂದೆ ಗುಡಿಯ ಫೋಟೊ ಮಸುಕಾಗಿ ಹಾಕಿ ಅದರ ಮೇಲೆ ಮ್ಯಾಟರ್ ಹಾಕುತ್ತಾರಲ್ಲ, ಅದನ್ನು ಕಂಡರೆ ನನಗೆ ಸಿಟ್ಟೇ ಬರುತ್ತೆ. ವೆಬ್‌ಸೈಟುಗಳಿಗೆ ಡಬ್ಲ್ಯೂಸಿಎಜಿ ಅಂತ ನಿಯಮ ಇದೆ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಫರಕು ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ತೆಳು ಬೂದು ಅಕ್ಷರ ಹಾಕುವವರು ಇದರಲ್ಲೇ ಫೇಲ್ ಆಗುತ್ತಾರೆ. ಕನ್ನಡಕ್ಕೆ ನಾನು ಇನ್ನೂ ಜಾಸ್ತಿ ಕೇಳುತ್ತೇನೆ, ಯಾಕೆಂದರೆ ಒತ್ತು, ದೀರ್ಘ ಎಲ್ಲ ಮೂಲ ಅಕ್ಷರಕ್ಕಿಂತ ಸಣ್ಣವು. ಅಕ್ಷರ ಕಂಡರೂ ಒತ್ತು ಕಾಣದೆ ಹೋಗುತ್ತೆ.

ಎರಡು, ಇದು ಮುಖ್ಯ. ದಯವಿಟ್ಟು ಯೂನಿಕೋಡಿನಲ್ಲೇ ಮಾಡಿ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಗುರುತಿನ ಸಂಖ್ಯೆ ಇರುವ ಪದ್ಧತಿಯಲ್ಲಿ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ. ನಂಬಿಕೆ ಇಲ್ಲದಿದ್ದರೆ ಹಳೆಯ ನುಡಿಯಲ್ಲಿ "ಕನ್ನಡ" ಅಂತ ಟೈಪ್ ಮಾಡಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಒಂದು ಪಿ, ನೆತ್ತಿ ಮೇಲೆ ಗೆರೆ ಇರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು ಬರುತ್ತೆ. ಕಣ್ಣಿದ್ದವರಿಗೆ ಫಾಂಟು ಆ ವೇಷ ಮುಚ್ಚುತ್ತೆ. ನನ್ನ ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನೇ. ಒಂದು ಕಚೇರಿಯ ಆದೇಶದ ಪಿಡಿಎಫ್ ತೆರೆದೆ, ಪೂರ್ತಿ "ಪೌಂಡ್, ಪೌಂಡ್" ಅಂತ ಹೇಳಿತು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದರಲ್ಲಿ ಮಾಹಿತಿಯೂ ನಮಗೆ ನಿಲುಕಬೇಕು ಅಂತ ಇದೆ. ಪೌಂಡ್ ಅಂತ ನಿಲುಕಿತು.

ಗಂಗಾವತಿ ಡಿಟಿಪಿ

ಅಣ್ಣ ಹೇಳಿದ್ದು ಖರೇ. ಆದರೆ ಅಂಗಡಿಯವರ ಪಾಡೂ ಕೇಳಿ. ಇನ್ನೂ ಎಷ್ಟೋ ಕಡೆ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ನಡೆಯುತ್ತಿದೆ. ಅದಕ್ಕೆ ಯೂನಿಕೋಡ್ ಕನ್ನಡ ಕೂಡಿಸಲು ಬರಲ್ಲ. ಇನ್‌ಡಿಸೈನ್‌ನಲ್ಲಿ ಆಗುತ್ತೆ, ಆದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅಂತ ಆರಿಸಬೇಕು. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಉದುರುತ್ತೆ. "ಯೂನಿಕೋಡ್ ಸರಿ ಬರಲ್ಲ" ಅಂತ ಬೈದವರಲ್ಲಿ ಅರ್ಧ ಜನ ಈ ಸೆಟ್ಟಿಂಗ್ ಮುಟ್ಟಿಯೇ ಇರಲ್ಲ.

ಹಳೆಯ ನುಡಿ ಫಾಂಟಿನ ಇನ್ನೊಂದು ತೊಂದರೆ. ಅದರಲ್ಲಿ ದೀರ್ಘ, ಒತ್ತು, ಕೊಂಬು ಎಲ್ಲ ಬೇರೆ ಬೇರೆ ತುಂಡು. ಓದಲು ಸುಲಭ ಆಗಲಿ ಅಂತ ಅಕ್ಷರಗಳ ನಡುವಿನ ಜಾಗ ಹೆಚ್ಚಿಸಿದರೆ "ಕೀ" ಒಡೆದು "ಕಿ" ಒಂದು ಕಡೆ, ದೀರ್ಘ ಒಂದು ಕಡೆ ಆಗುತ್ತೆ. ಯೂನಿಕೋಡಿನಲ್ಲಿ ಸರಿಯಾದ ಸಾಫ್ಟ್‌ವೇರ್ ಆದರೆ ಪೂರ್ತಿ ಅಕ್ಷರ ಸೇರಿ ಸರಿಯುತ್ತೆ.

ದೇವದುರ್ಗ ಪ್ಯಾಸೆಂಜರ್

ಅದಿರಲಿ, ಬಸ್ಸಿನ ಎಲ್‌ಇಡಿ ಬೋರ್ಡಿಗೆ ಯಾರಾದರೂ ಒಂದು ಫಾಂಟು ಹುಡುಕಿ ಕೊಡಿ. ಒತ್ತಕ್ಷರಕ್ಕೆ ಚುಕ್ಕಿ ಸಾಲಲ್ಲ, ಬಸ್ಸು ದಾಟಿ ಹೋದಮೇಲೆ ಯಾವ ಊರು ಅಂತ ತಿಳಿಯುತ್ತೆ.

ಮೊಳೆ_ಬಳ್ಳಾರಿ

ಮಾಸ್ತರರ ಪ್ರಶ್ನೆಗೆ. ಓಪನ್‌ಡಿಸ್ಲೆಕ್ಸಿಕ್ ಅಂತ ಒಂದಿದೆ, 2011ರಲ್ಲಿ ಬಂತು, ಇಂಗ್ಲಿಷ್ ಅಕ್ಷರಗಳ ಬುಡ ದಪ್ಪ ಮಾಡಿದ್ದು. ಅದರಲ್ಲಿ ಕನ್ನಡ ಇಲ್ಲ. ಇಂಗ್ಲಿಷಿನಲ್ಲೂ ಅದರಿಂದ ಓದುವ ವೇಗ ಹೆಚ್ಚುತ್ತೆ ಅಂತ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ಕಂಡಿಲ್ಲ. ಕೆಲವರಿಗೆ ಇಷ್ಟ, ಅಷ್ಟೇ. ಅದನ್ನು ಮಾಡಿದ ಲೆಕ್ಕಾಚಾರವೂ ಬೇರೆ. ಅಲ್ಲಿ ಬಿ ತಿರುಗಿಸಿದರೆ ಡಿ, ಉಲ್ಟಾ ಮಾಡಿದರೆ ಪಿ. ಕನ್ನಡದಲ್ಲಿ ಕನ್ನಡಿ ಬಿಂಬದ ತೊಂದರೆ ಅಷ್ಟಿಲ್ಲ. ಇಲ್ಲಿ ಕಷ್ಟ ಅಂದರೆ 49 ವರ್ಣ ಕಲಿತ ಮೇಲೂ ಕಾಗುಣಿತ, ಒತ್ತು ಸೇರಿ ಅಕ್ಷರದ ರೂಪಗಳು ನೂರಾರು. ಮಗು ಅಕ್ಷರ ಗುರುತಿಸಿ, ಅದರ ಸುತ್ತ ಮೇಲೆ, ಪಕ್ಕ, ಕೆಳಗೆ ನೋಡಿ, ಆಮೇಲೆ ಉಚ್ಚಾರ ಮಾಡಬೇಕು. ಆ ಮಕ್ಕಳಿಗೆ ದೊಡ್ಡ ಅಕ್ಷರ, ಸಾಲುಗಳ ನಡುವೆ ಜಾಸ್ತಿ ಅಂತರ, ಒಂದು ಪುಟಕ್ಕೆ ಕಡಿಮೆ ಪದ ಕೊಟ್ಟು ನೋಡಿ. ಫಾಂಟು ಬದಲಿಸುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತೆ ಅನ್ನುವುದು ನನ್ನ ಅಂದಾಜು.

ಈಗ ಫಾಂಟಿನ ಒಳಗಿನ ವಿಷಯ. ನಾನು ಫಾಂಟ್‌ಫೋರ್ಜಿನಲ್ಲಿ ಕನ್ನಡ ಫಾಂಟು ಬಿಡಿಸುವುದನ್ನು ಕಲಿಯುತ್ತಿದ್ದೇನೆ, ಅದು ಬಿಟ್ಟಿ ಸಿಗುವ ಸಾಫ್ಟ್‌ವೇರ್. ಎಲ್ಲರೂ ಎಡವುವ ಜಾಗ ಒತ್ತಕ್ಷರ. ಸುಲಭದ ದಾರಿ ಏನು? "ತ" ತಗೊಂಡು ಅರ್ಧಕ್ಕೆ ಕುಗ್ಗಿಸಿ ಕೆಳಗೆ ಇಡುವುದು. ಕುಗ್ಗಿಸಿದಾಗ ಗೆರೆಯೂ ಅರ್ಧ ದಪ್ಪ ಆಗುತ್ತೆ. ಮೇಲಿನ ಅಕ್ಷರ ಕರ್ರಗೆ ಕಾಣುತ್ತೆ, ಒತ್ತು ಬೂದು ಬೂದು. ಜೆರಾಕ್ಸಿನಲ್ಲಿ ಆ ಒತ್ತು ಸತ್ತೇ ಹೋಗುತ್ತೆ. ಸರಿಯಾಗಿ ಮಾಡಬೇಕೆಂದರೆ ಒಂದೊಂದು ಒತ್ತನ್ನೂ ಬೇರೆಯಾಗಿ, ಗೆರೆಯ ದಪ್ಪ ಮೇಲಿನ ಅಕ್ಷರಕ್ಕೆ ಹತ್ತಿರ ಇರುವಂತೆ ಬಿಡಿಸಬೇಕು. ಸುರುಳಿ ಬಿಚ್ಚಬೇಕು, ಒಳಗಿನ ಖಾಲಿ ಜಾಗ ಹಿಗ್ಗಿಸಬೇಕು. ಹೊಸ ಫಾಂಟು ಕಂಡರೆ ನಾನು ಮೊದಲು "ಕ" ನೋಡಲ್ಲ, "ಸ್ತ್ರೀ" ನೋಡುತ್ತೇನೆ.

ಇನ್ನೊಂದು ಕಾರಣ ಜಾಗ. ಫೋನಿನ ಬಟನ್ನು, ಮೆನು ಎಲ್ಲ ಇಂಗ್ಲಿಷ್ ಸಾಲಿನ ಎತ್ತರಕ್ಕೆ ಮಾಡಿರುತ್ತಾರೆ. ಅದರೊಳಗೆ ಕನ್ನಡ ತುರುಕಲು ಒತ್ತನ್ನು ಚಪ್ಪಟೆ ಮಾಡುತ್ತಾರೆ. ನೋಟೊದಲ್ಲಿ "ನೋಟೊ ಸ್ಯಾನ್ಸ್ ಕನ್ನಡ ಯುಐ" ಅಂತ ಒಂದು ಬೇರೆ ಇತ್ತು, ಅದು ಇಂಥ ಇಕ್ಕಟ್ಟಿಗೇ ಮಾಡಿದ್ದು. ಅಕ್ಕಾ, ನಿಮ್ಮ ಕಂಪ್ಯೂಟರಿನಲ್ಲಿ ಹೆಸರಿನ ಕೊನೆಗೆ ಯುಐ ಇದೆಯಾ ನೋಡಿಕೊಳ್ಳಿ. ಹಾಳೆಗೆ ಯುಐ ಇಲ್ಲದ್ದೇ ಬೇಕು.

ರಾಯಚೂರು ವೆಬ್

ಇಷ್ಟೆಲ್ಲ ಯಾಕೆ? ಬಾಲೂ ತಮ್ಮ ಅನ್ನುವ ಫಾಂಟು ಹಾಕಿ. ಗುಂಡು ಗುಂಡಗೆ, ನೋಡಲು ಖುಷಿ ಆಗುತ್ತೆ. ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ.

ಮೊಳೆ_ಬಳ್ಳಾರಿ

ತಲೆಬರಹಕ್ಕೆ ಹಾಕಲಿ, ಸೊಗಸಾಗಿರುತ್ತೆ. ಫಾಂಟು ಮಾಡುವ ಏಕ್ ಟೈಪ್‌ನವರು ಮಾಡಿದ್ದು, ಒಳ್ಳೆಯ ಕೆಲಸ. ಆದರೆ ಅದು ದೊಡ್ಡದಾಗಿ ಕಾಣಲು ಮಾಡಿದ ದಪ್ಪ ಅಕ್ಷರ. ಪ್ಯಾರಾ ತುಂಬ ಹಾಕಿದರೆ ಪುಟವೆಲ್ಲ ಕಪ್ಪು. ಅವರದೇ ಅನೇಕ್ ಕನ್ನಡ ಓದುವುದಕ್ಕೆ ವಾಸಿ. ಅದರಲ್ಲಿ ತೂಕವನ್ನೂ ಅಗಲವನ್ನೂ ಬೇಕಾದಷ್ಟಕ್ಕೆ ಎಳೆಯಬಹುದು. ಅಗಲ ಕಡಿಮೆ ಮಾಡುವ ಆಸೆಗೆ ಮಾತ್ರ ಬೀಳಬೇಡಿ.

ಮಾನ್ವಿ ಮಾಸ್ತರ

ನನ್ನದೊಂದು ತಕರಾರು. ನೀವೆಲ್ಲ ಸ್ಯಾನ್ಸ್ ಸ್ಯಾನ್ಸ್ ಅನ್ನುತ್ತೀರಿ. ಅರವತ್ತು ದಾಟಿದವರು ಅಕ್ಷರ ಕಲಿತದ್ದು ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕದಲ್ಲಿ. ದಪ್ಪ-ತೆಳು ಗೆರೆಯ ಅಕ್ಷರ ಅದು. ಅವರಿಗೆ ಅದೇ ಕೈಹಿಡಿದ ಅಕ್ಷರ. ಒಂದೇ ದಪ್ಪದ ಗೆರೆಯ ಅಕ್ಷರ ನಿಮಗೆ ಫೋನಿನಲ್ಲಿ ನೋಡಿ ನೋಡಿ ರೂಢಿ ಆಗಿದೆ, ಅವರಿಗಲ್ಲ.

ಮೊಳೆ_ಬಳ್ಳಾರಿ

ಒಪ್ಪುತ್ತೇನೆ ಸರ್, ಪೂರ್ತಿ ಅಲ್ಲ. ರೂಢಿ ದೊಡ್ಡ ವಿಷಯ. ಟಿರೊ ಕನ್ನಡ, ನೋಟೊ ಸೆರಿಫ್ ಕನ್ನಡ, ಇವು ಆ ಹಳೆಯ ಅಚ್ಚಿನ ಜಾಡಿನವು. ಒಳ್ಳೆಯ ಪ್ರಿಂಟಿನಲ್ಲಿ ನನಗೂ ಅವೇ ಇಷ್ಟ. ಆದರೆ ಇವರದು ಜೆರಾಕ್ಸ್. ತೆಳು ಗೆರೆ ಮೊದಲು ಮಾಯ ಆಗುತ್ತೆ. ಇನ್ನು "ಸೆರಿಫ್, ಸ್ಯಾನ್ಸ್" ಅನ್ನುವುದೇ ಲ್ಯಾಟಿನ್ ಅಕ್ಷರದ ಮಾತು, ಗೆರೆಯ ತುದಿಗೆ ಅಲಂಕಾರದ ಚಾಚು ಇದ್ದರೆ ಸೆರಿಫ್, ಇಲ್ಲದಿದ್ದರೆ ಸ್ಯಾನ್ಸ್. ಕನ್ನಡದಲ್ಲಿ ತಲಕಟ್ಟು ಅಲಂಕಾರ ಅಲ್ಲ, ಅಕ್ಷರದ ಭಾಗ. ತಲಕಟ್ಟು ತೀರಾ ಗಿಡ್ಡ ಮಾಡಿ "ಮಾಡರ್ನ್" ಅನ್ನಿಸುವ ಫಾಂಟುಗಳಿವೆ. ಅವುಗಳಿಂದ ದೂರ ಇರಿ.

ಬಳ್ಳಾರಿಯಲ್ಲಿ ಇನ್ನೊಂದು ಮಜಾ ಇದೆ. ನಮ್ಮ ಗಡಿ ಹಳ್ಳಿಗಳ ಹಿರಿಯರು ಎಷ್ಟೋ ಜನ ಮೊದಲು ಓದಿದ್ದು ತೆಲುಗು. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತಲ್ಲ. ಎರಡೂ ಲಿಪಿಗೆ ಬೇರು ಒಂದೇ, ಯೂನಿಕೋಡಿನಲ್ಲೂ ಅಕ್ಕಪಕ್ಕದ ಮನೆಯವರು. ಅವರು ಕನ್ನಡ ಓದುವಾಗ ತಲಕಟ್ಟು ಸ್ಪಷ್ಟ ಇದ್ದರೆ ಸಲೀಸು, ಇಲ್ಲದಿದ್ದರೆ ಒಂದು ಕ್ಷಣ ನಿಲ್ಲುತ್ತಾರೆ. ನಮ್ಮಜ್ಜಿಯೇ ಹಾಗೆ.

ಮೊಳೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ನನ್ನ ಹೆಸರೂ ಅಲ್ಲಿಂದಲೇ. ಮಂಗಳೂರ ಸಮಾಚಾರ 1843ರಲ್ಲಿ ಶುರುವಾದದ್ದು ಕಲ್ಲಚ್ಚಿನಲ್ಲಿ. ಮರುವರ್ಷ ಅದು ಬಳ್ಳಾರಿಗೆ ಬಂದು, ಕನ್ನಡ ಸಮಾಚಾರ ಅಂತ ಹೆಸರು ಬದಲಿಸಿಕೊಂಡು, ಇಲ್ಲಿನ ಅಚ್ಚುಮೊಳೆಯಲ್ಲಿ ಪ್ರಿಂಟ್ ಆಯಿತು. ಕನ್ನಡದ ಮೊದಲ ಪತ್ರಿಕೆ ಮೊಳೆ ಕಂಡದ್ದು ನಮ್ಮೂರಲ್ಲಿ!

ಸಿಂಧನೂರು ಪೇಂಟರ್

ನಾನು ಬೋರ್ಡು ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ, ಹಾಗಾಗಿ ಹೊಟ್ಟೆಕಿಚ್ಚು ಅಂತ ಬೇಕಾದರೆ ತಿಳಿಯಿರಿ. ಫ್ಲೆಕ್ಸಿನವರು ಹೆಸರು ಜಾಗದಲ್ಲಿ ಹಿಡಿಯಲಿಲ್ಲ ಅಂದರೆ ಅಕ್ಷರವನ್ನು ಎರಡೂ ಕಡೆಯಿಂದ ಹಿಂಡುತ್ತಾರೆ. ಉದ್ದುದ್ದ, ಸಣಕಲು ಕನ್ನಡ. ನಿಂತ ಗೆರೆ ತೆಳ್ಳಗಾಗುತ್ತೆ, ಮಲಗಿದ ಗೆರೆ ದಪ್ಪ ಉಳಿಯುತ್ತೆ. ಸಾಲದ್ದಕ್ಕೆ ಹಳದಿ ಅಕ್ಷರಕ್ಕೆ ಬಿಳಿ ಅಂಚು, ಅದಕ್ಕೊಂದು ನೆರಳು. ಕೈಯಲ್ಲಿ ಬರೆಯುವವನು ಜಾಗ ಸಾಲದಿದ್ದರೆ ಅಕ್ಷರದ ಹೊಟ್ಟೆ ಮಾತ್ರ ಕಿರಿದು ಮಾಡುತ್ತಾನೆ, ಬ್ರಷ್ಷಿನ ದಪ್ಪ ಅಷ್ಟೇ ಇರುತ್ತೆ.

ಗೋಡೆಗೆ ಹಾಕುವುದಿದ್ದರೆ ನಮ್ಮ ಲೆಕ್ಕ: ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ. ಅದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಕನ್ನಡಕ್ಕೆ ನಾನು ಒಂದೂವರೆ ಹಿಡಿಯುತ್ತೇನೆ. ಒಳಗೆ ಗೆರೆ, ಚುಕ್ಕಿ ಜಾಸ್ತಿ ಅಲ್ವಾ.

ಅಶೋಕ ನಮ್ಮ ಮಸ್ಕಿಯಲ್ಲಿ ಬಂಡೆ ಮೇಲೆ ಬರೆಸಿದ. ಬ್ರಾಹ್ಮಿ ಲಿಪಿ, ನೆಟ್ಟಗೆ ಕಡ್ಡಿ ಕಡ್ಡಿ, ಒತ್ತು ಕಡಿಮೆ. ಪುಣ್ಯವಂತ.

ಯಲಬುರ್ಗಾ ಓದುಮನೆ

ನೀವೆಲ್ಲ ಇಷ್ಟು ಬರೆದದ್ದಕ್ಕೆ ಮೊದಲು ಥ್ಯಾಂಕ್ಸ್. ಸುಮ್ನೆ ಓದಿ ಬಿಡಲಿಲ್ಲ, ಮಾಡಿ ನೋಡಿದೆವು.

ಒಂದೇ ಮ್ಯಾಟರನ್ನು ಮೂರು ಥರ ಪ್ರಿಂಟ್ ಮಾಡಿದೆವು: ನೋಟೊ ಸ್ಯಾನ್ಸ್ ಮೀಡಿಯಂ, ಅನೇಕ್ ಮೀಡಿಯಂ, ನೋಟೊ ಸೆರಿಫ್. ಮೂರರಲ್ಲೂ "ಕ" ಒಂದೇ ಎತ್ತರ, ಸ್ಕೇಲ್ ಹಿಡಿದು. ನೋಟೊದಲ್ಲಿ 17ಕ್ಕೆ ಬಂತು. ಮೂರರದ್ದೂ ಪ್ರಿಂಟ್ ಪ್ರತಿ, ಜೆರಾಕ್ಸ್ ಪ್ರತಿ ಎರಡನ್ನೂ ಕೊಟ್ಟೆವು. ಚೆಂದ ಯಾವುದು ಅಂತ ಕೇಳಲಿಲ್ಲ, ಜೋರಾಗಿ ಓದಿ ಅಂದೆವು. ಮಾಸ್ತರರ ಪದಗಳನ್ನು ವಾಕ್ಯದೊಳಗೆ ಬಚ್ಚಿಟ್ಟಿದ್ದೆವು: ಸಹಾಯಧನ, ಪಾಠ, ವರ್ಷ, ಮಾಘ, ಸ್ತ್ರೀಶಕ್ತಿ, ರಾಷ್ಟ್ರೀಯ.

"ಸಹಾಯಧನ" ಎಲ್ಲರೂ ಸರಿಯಾಗಿಯೇ ಓದಿದರು. ಆದರೆ ಅಕ್ಷರ ನೋಡಿ ಅಲ್ಲ. ಆ ಪದ ಅವರಿಗೆ ಬಾಯಿಪಾಠ. ತಡವರಿಸಿದ್ದು ಹೊಸ ಹೆಸರುಗಳಲ್ಲಿ: ಔಷಧಿಯ ಹೆಸರು, ಡಾಕ್ಟರ ಹೆಸರು, ಬೇರೆ ಊರು. ಅಲ್ಲಿ ಊಹೆಗೆ ದಾರಿ ಇಲ್ಲ, ಅಕ್ಷರವೇ ಗತಿ. ಹಾಗಾಗಿ ಹೆಸರು ಮತ್ತು ಔಷಧಿಗಳನ್ನು ಬೇರೆ ಸಾಲಿನಲ್ಲಿ, ಇನ್ನೂ ದೊಡ್ಡದಾಗಿ ಹಾಕಬೇಕು ಅಂತ ತೀರ್ಮಾನ ಮಾಡಿದೆವು.

ಸೆರಿಫ್ ಬಗ್ಗೆ ಮಾಸ್ತರರು ಹೇಳಿದ್ದು ಸರಿ ಇತ್ತು: ಪ್ರಿಂಟ್ ಪ್ರತಿ ಕೊಟ್ಟಾಗ ಇಬ್ಬರು ಅಜ್ಜಂದಿರು ಅದನ್ನೇ ಸರಾಗ ಓದಿದರು. ಜೆರಾಕ್ಸ್ ಪ್ರತಿ ಕೊಟ್ಟಾಗ ಅವರಲ್ಲೇ ಒಬ್ಬ ಅಜ್ಜ "ಇದು ಬ್ಯಾಡವ್ವ, ಅದು ಕೊಡು" ಅಂತ ನೋಟೊ ಸ್ಯಾನ್ಸ್ ಕಡೆ ಕೈ ತೋರಿಸಿದ. ಹೊಸದಾಗಿ ಕಲಿತ ಹೆಣ್ಣುಮಕ್ಕಳಿಗೆ ಫಾಂಟಿನ ಫರಕು ಅಷ್ಟಾಗಿ ತಿಳಿಯಲಿಲ್ಲ. ಸಾಲಿನ ಅಂತರ ಅಗಲ ಇದ್ದ ಹಾಳೆಯಲ್ಲಿ ಮಾತ್ರ ಬೆರಳಿಟ್ಟು ಓದುವುದು ಸಲೀಸಾಯಿತು. ಬೆರಳು ಕೆಳಗಿನ ಸಾಲನ್ನು ಮುಚ್ಚುತ್ತಿರಲಿಲ್ಲ.

ಒಂದು ಅನುಮಾನ. ಅಂಕಿ ಕನ್ನಡದ್ದು ಹಾಕಬೇಕಾ, 1-2-3 ಹಾಕಬೇಕಾ? ನಮ್ಮಲ್ಲಿ ಜಗಳವೇ ಆಯಿತು.

ಗಂಗಾವತಿ ಡಿಟಿಪಿ

ಫೋನ್ ನಂಬರು, ತಾರೀಖು, ಟೈಮು 1-2-3ರಲ್ಲೇ ಹಾಕಿ. ಅವರ ಫೋನಿನ ಕೀಲಿಯಲ್ಲೂ ನೋಟಿನ ಮೇಲೂ ಅದೇ ಇದೆ. ಕನ್ನಡದ ಸೊನ್ನೆಯೂ ಅನುಸ್ವಾರದ ಸೊನ್ನೆಯೂ ಒಂದೇ ಥರ. ಒಂಬತ್ತೂ ಅರ್ಕಾವತ್ತೂ ಅಣ್ಣ-ತಮ್ಮ ಇದ್ದಂತೆ ಕಾಣುತ್ತವೆ. ಫೋನ್ ನಂಬರನ್ನು ಐದು-ಐದಾಗಿ ಒಡೆದು ಬರೆಯಿರಿ.

ಮಾನ್ವಿ ಮಾಸ್ತರ

ಪುಟ ಸಂಖ್ಯೆಯಾದರೂ ಕನ್ನಡದಲ್ಲಿ ಇರಲಿ ಮಾರಾಯರೇ. ಮಕ್ಕಳು ೭ ನೋಡಿ ಏನು ಅಂತ ಕೇಳುವ ಕಾಲ ಬಂದಿದೆ.

ಯಲಬುರ್ಗಾ ಓದುಮನೆ

ಸರಿ ಸರ್, ಪುಟ ಸಂಖ್ಯೆ ಕನ್ನಡದ್ದೇ. ಗೋಡೆಗೆ ಹಾಕುವ ಪ್ರತಿ ಲ್ಯಾಮಿನೇಟ್ ಮಾಡಿಸೋಣ ಅಂತಿದ್ದೇವೆ. ಮಳೆಗಾಲದಲ್ಲಿ ಸೋರುತ್ತೆ.

ಮಸುಕು_ಕಣ್ಣು (ರಾಯಚೂರು)

ಹೊಳೆಯುವ ಲ್ಯಾಮಿನೇಷನ್ ಬೇಡಕ್ಕಾ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ನನ್ನಂಥವರಿಗೆ ಅರ್ಧ ಹಾಳೆ ಬೆಳ್ಳಗೆ. ಕಣ್ಣಿನ ಪೊರೆ ಬಂದವರಿಗೂ ಹಾಗೇ, ಬೆಳಕು ಚದುರುತ್ತೆ. ಮ್ಯಾಟ್ ಅಂತ ಕೇಳಿ ಮಾಡಿಸಿ. ಕಿಟಕಿಗೆ ಎದುರು ಬೇಡ, ಪಕ್ಕದ ಗೋಡೆಗೆ, ನಿಂತವರ ಕಣ್ಣಿನ ಮಟ್ಟಕ್ಕೆ ಹಾಕಿ.

ವಾಟ್ಸಾಪಿಗೆ ಹಾಳೆಯ ಫೋಟೊ ಹಾಕುವಾಗ ಅದರ ಕೆಳಗೆ ಪೂರ್ತಿ ಮ್ಯಾಟರನ್ನೂ ಟೆಕ್ಸ್ಟ್ ಆಗಿ ಅಂಟಿಸಿ. ಫೋಟೊ ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ಒತ್ತೆಲ್ಲ ಮಸಿ ಆಗಿರುತ್ತೆ. ಟೆಕ್ಸ್ಟ್ ಇದ್ದರೆ ಅವರವರ ಫೋನಿನಲ್ಲಿ ಅವರಿಗೆ ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ.

ಗಂಗಾವತಿ ಡಿಟಿಪಿ

ಅಂಗಡಿಗೆ ವರ್ಡ್ ಫೈಲ್ ಕೊಡಬೇಡಿ. ಅವರ ಹತ್ತಿರ ನಿಮ್ಮ ಫಾಂಟು ಇರಲ್ಲ, ಏನೋ ಒಂದು ಬರುತ್ತೆ. ಫಾಂಟ್ ಒಳಗೆ ಸೇರಿಸಿ ಪಿಡಿಎಫ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಫಾಂಟಿನ ಹೆಸರಿನ ಮುಂದೆ "ಎಂಬೆಡೆಡ್" ಅಂತ ಇದೆಯಾ ನೋಡಿ ಕೊಡಿ. ಆಗುವುದಾದರೆ ಎಲ್ಲ ಪ್ರತಿಯನ್ನೂ ನೇರ ಪ್ರಿಂಟ್ ಮಾಡಿಸಿ. ಜಾಸ್ತಿ ಪ್ರತಿ ಅಂದರೆ ರೇಟಿನಲ್ಲಿ ಚೌಕಾಸಿ ಮಾಡಬಹುದು, ಜೆರಾಕ್ಸಿಗೂ ಅದಕ್ಕೂ ಅಂಥ ಫರಕು ಬರಲಿಕ್ಕಿಲ್ಲ. ಅಷ್ಟಾದರೆ ಮಾಸ್ತರರ ಸೆರಿಫ್ ಹಾಳೆಯನ್ನೂ ಇನ್ನೊಂದು ಸಲ ಅಜ್ಜಂದಿರ ಕೈಗೆ ಕೊಟ್ಟು ನೋಡಬಹುದು.